ಊರಿನ ಮಳೆಯನ್ನು ಊರಿನಲ್ಲಿಯೇ ಅಳೆದು ಲೆಕ್ಕವಿಡುವ ಕ್ರಮ

ಖುಷ್ಕಿ ಬೇಸಾಯಕ್ಕೆ ಮಳೆಯೇ ಮೊದಲನೆಯ ಬಂಡವಾಳವೆಂಬುದು ಎಲ್ಲರಿಗೂ ತಿಳಿದ ವಿಷಯವೇ ಆಗಿದೆ. ಬೀಜ, ಗೊಬ್ಬರ, ಕೂಲಿ ಇವುಗಳಿಗೆ ತಗಲಿದ ವೆಚ್ಚವನ್ನು ಕಾಸು ಬಿಡದೆ ಬರೆದಿಡುವ ಜಮೀನುದಾರರು ಸಹ, ಆ ವೆಚ್ಚವನ್ನೆಲ್ಲ ಸಾರ್ಥಕಮಾಡುವ ಅಥವಾ ಮಣ್ಣುಪಾಲುಮಾಡುವ ಮಳೆಯು ಎಷ್ಟು ಬಂದಿತೆಂಬುದನ್ನು ಮಾತ್ರ ಬಾಯಿಮಾತಿನಲ್ಲಿಯೇ ಬಿಟ್ಟುಬಿಡುವುದು ವಾಡಿಕೆಯಾಗಿದೆ. ಹದವಾಯಿತೆಂದು ನಂಬಿ ಬಿತ್ತಿದ ಬೀಜವು ಮೊಳೆತು, ಮುಂದಿನ ಮಳೆ ತಡವಾದ ಕಾರಣ ಒಣಗಿಹೋದರೆ ಎರಡನೆಯ ಸಲ ಬೀಜಕ್ಕೆ ಹಣ ಹೊಂದಿಸಬೇಕಾಗುತ್ತದೆ. ಹದ ಸಾಲದೆಂಬ ಶಂಕೆಯಿಂದ ಕಾದು ಕುಳಿತರೆ ಬಿತ್ತನೆಯ ಕಾಲವೇ ಮೀರಿಹೋಗುತ್ತದೆ. ಈ ಎರಡು ನಷ್ಟಗಳಿಂದಲೂ ತಕ್ಕಮಟ್ಟಿಗೆ ಪಾರಾಗಬೇಕಾದರೆ ಊಹೆಯನ್ನು ಬಿಟ್ಟು ಅಳತೆಯನ್ನು ಹಿಡಿಯಬೇಕು. ಅದಕ್ಕೆ ಬೇಕಾದ ಉಪಕರಣಗಳಾವುವು, ಅವುಗಳನ್ನು ಎಲ್ಲಿ ಇಡಬೇಕು, ಹೇಗೆ ನೋಡಿ ಬರೆಯಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಪ್ರತಿ ಊರಿನಲ್ಲಿಯೂ ಅಳತೆ ಏಕೆ ಬೇಕು

ಮಳೆಯನ್ನು ಅಳೆಯುವುದು ನಮ್ಮ ದೇಶಕ್ಕೆ ಹೊಸದಲ್ಲ. ಉಗ್ರಾಣದಲ್ಲಿ ಒಂದು ಅರತ್ನಿ ಬಾಯಗಲದ ಕುಂಡವನ್ನು ಇಟ್ಟು ಮಳೆಯನ್ನು ಅಳೆಯತಕ್ಕದ್ದೆಂಬ ವಿಧಿಯು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೇ ಇದೆ. ಈಚಿನ ಕಾಲದಲ್ಲಿ ಭಾರತ ಹವಾಮಾನ ಇಲಾಖೆಯು 1875ರಲ್ಲಿ ಸ್ಥಾಪಿತವಾಯಿತು. ಮೈಸೂರು ಸಂಸ್ಥಾನದಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರೊಫೆಸರ್ ಜಾನ್ ಕುಕ್ಕರು ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗ ಈ ನಾಲ್ಕು ಸ್ಥಳಗಳ 1893ರ ಹವಾಮಾನದ ವಿವರಗಳನ್ನು ವರದಿಯಾಗಿ ಪ್ರಕಟಿಸಿದರು. 1988ರಲ್ಲಿ ಬರದ ಉಸ್ತುವಾರಿಗಾಗಿ ಕರ್ನಾಟಕದಲ್ಲಿ ಏರ್ಪಟ್ಟ ಘಟಕವು ಈಗ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದು, ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ತಾನಾಗಿಯೇ ಸುದ್ದಿ ಕಳುಹಿಸುವ ಮಳೆಮಾಪಕಗಳನ್ನು ಇರಿಸಿದೆ.

ಹೀಗಿರುವಲ್ಲಿ ಮನೆಯ ಬಳಿ ಬೇರೊಂದು ಮಾಪಕವೇಕೆಂದು ಕೆಲವರು ಕೇಳಬಹುದು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವುದೆಂದೂ ಚಳ್ಳಕೆರೆಯಲ್ಲಿ 500 ಮಿಲಿಮೀಟರು ತುಂಬುವುದೇ ಕಷ್ಟವೆಂದೂ ಕೇಳಿದಾಗ ಆಶ್ಚರ್ಯಪಡುವವರು, ತಮ್ಮ ಊರಿನೊಳಗಿನ ವ್ಯತ್ಯಾಸವನ್ನು ಗಮನಿಸುವುದಿಲ್ಲ. ಮುಂಗಾರಿಗೆ ಮೊದಲು ಗುಡುಗಿನೊಡನೆ ಬರುವ ಮಳೆಯು ಕೆರೆಯ ಈಚೆಗೆ ಸುರಿದು ಆಚೆಗೆ ಹನಿಯನ್ನೂ ಬೀಳಿಸದೆ ಹೋಗುವುದುಂಟು. ಒಂದು ಪಂಚಾಯಿತಿಗೆ ಹಲವು ಹಳ್ಳಿಗಳು ಸೇರಿರುತ್ತವೆ. ಆದುದರಿಂದ ಪಂಚಾಯಿತಿಯ ಮಾಪಕವು ಸರಿಯಾಗಿಯೇ ಇದ್ದರೂ, ಅದು ಹೇಳುವುದು ತಾನಿರುವ ಸ್ಥಳದ ಮಳೆಯನ್ನೇ ಹೊರತು ಎರಡು ಮೈಲಿ ದೂರದ ಹೊಲದ ಮಳೆಯನ್ನಲ್ಲ.

ಯಾವ ಉಪಕರಣವನ್ನು ಕೊಳ್ಳಬೇಕು

ಉಪಕರಣಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸಬಹುದು. ಸಾಧಾರಣ ಮಳೆಮಾಪಕ ಒಂದೇ ಇರುವುದು ಮೊದಲನೆಯದು. ಅದರೊಡನೆ ಉಷ್ಣಮಾಪಕಗಳೂ ಅವುಗಳ ಪೆಟ್ಟಿಗೆಯೂ ಇರುವುದು ಎರಡನೆಯದು. ಮಳೆ, ಉಷ್ಣ, ತೇವ, ಗಾಳಿ, ವಾಯುಭಾರ ಇವೆಲ್ಲವನ್ನೂ ತಾನಾಗಿಯೇ ಅಳೆದು ಪರದೆಯ ಮೇಲೆ ತೋರಿಸುವ ಸ್ವಯಂಚಾಲಿತ ಯಂತ್ರವು ಮೂರನೆಯದು. ಕೈಯಲ್ಲಿ ಹಣವಿದ್ದ ಮಾತ್ರಕ್ಕೆ ಮೂರನೆಯದರಿಂದ ಆರಂಭಿಸುವುದು ಉಚಿತವಲ್ಲ. ಮೊದಲನೆಯ ವರ್ಷ ಮಳೆಮಾಪಕವನ್ನು ಮಾತ್ರ ಇಟ್ಟು, ಒಂದು ದಿನವೂ ತಪ್ಪದೆ ಲೆಕ್ಕ ಬರೆದ ಮನೆಯವರು ಎರಡನೆಯ ವರ್ಷ ಉಳಿದವುಗಳನ್ನು ಸೇರಿಸಿಕೊಳ್ಳುವುದೇ ಉತ್ತಮ.

ನಮ್ಮ ದೇಶದಲ್ಲಿ ಬಳಕೆಯಲ್ಲಿರುವ ಸಾಧಾರಣ ಮಾಪಕದಲ್ಲಿ ಚೂಪು ಅಂಚಿನ ಆಲಿಕೆ, ಅದರ ಕೆಳಗೆ ನೀರು ಸೇರುವ ಸೀಸೆ, ಇವೆರಡನ್ನೂ ಹಿಡಿದಿರುವ ತಳಭಾಗ, ಪ್ರತ್ಯೇಕವಾದ ಅಳತೆಯ ಗಾಜು ಇವು ಇರುತ್ತವೆ. ಆಲಿಕೆಯ ಬಾಯಿಯ ವಿಸ್ತೀರ್ಣವು 200 ಚದರ ಸೆಂಟಿಮೀಟರು ಅಥವಾ 100 ಚದರ ಸೆಂಟಿಮೀಟರು ಇರುತ್ತದೆ. ಒಂದು ಮಿಲಿಮೀಟರು ಮಳೆಯಾದರೆ ಮೊದಲನೆಯದರಲ್ಲಿ 20 ಮಿಲಿಲೀಟರು, ಎರಡನೆಯದರಲ್ಲಿ 10 ಮಿಲಿಲೀಟರು ನೀರು ಸೇರುತ್ತದೆ. ಅಳತೆಯ ಗಾಜು ಆಲಿಕೆಗೆ ತಕ್ಕದಾಗಿದೆಯೇ ಎಂಬುದನ್ನು ಕೊಳ್ಳುವಾಗಲೇ ಪರೀಕ್ಷಿಸತಕ್ಕದ್ದು. ಸಣ್ಣ ಆಲಿಕೆಯ ಗಾಜಿನಿಂದ ದೊಡ್ಡ ಆಲಿಕೆಯ ನೀರನ್ನು ಅಳೆದರೆ 10 ಮಿಲಿಮೀಟರು ಮಳೆಯು 20 ಮಿಲಿಮೀಟರಾಗಿ ಕಾಣುತ್ತದೆ. ಇಂತಹ ಲೆಕ್ಕವನ್ನು ನಂಬಿ ಬಿತ್ತಿದವರಿಗೆ ಲೆಕ್ಕವಿಡದವರಿಗಿಂತಲೂ ಹೆಚ್ಚು ನಷ್ಟವಾಗುತ್ತದೆ. ಗಾಜು ಒಡೆದುಹೋದಲ್ಲಿ ಔಷಧಿಯ ಅಂಗಡಿಯಲ್ಲಿ ದೊರೆಯುವ ಮಿಲಿಲೀಟರು ಗುರುತಿನ ಪಾತ್ರೆಯಿಂದ ಅಳೆದು, ಬಂದ ಸಂಖ್ಯೆಯನ್ನು 20ರಿಂದಲೋ 10ರಿಂದಲೋ ಭಾಗಿಸಿದರೆ ಸಾಕು.

ಸೀಸೆಯ ಗಾತ್ರವು ಸೀಮೆಗೆ ತಕ್ಕಂತಿರಬೇಕು. ದೊಡ್ಡ ಆಲಿಕೆಯ ಕೆಳಗೆ 4 ಲೀಟರಿನ ಸೀಸೆಯಿದ್ದರೆ ಅದು 200 ಮಿಲಿಮೀಟರು ಮಳೆಗೆ ತುಂಬಿಹೋಗುತ್ತದೆ. ಬಯಲುಸೀಮೆಗೆ ಇಷ್ಟು ಸಾಕು. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಇದಕ್ಕಿಂತ ದೊಡ್ಡದನ್ನು ಇಡಬೇಕು. ಇಲ್ಲವೆ ಜಡಿಮಳೆಯ ದಿನಗಳಲ್ಲಿ ಎರಡು ಮೂರು ಸಲ ಅಳೆದು ಮೊತ್ತವನ್ನು ಕೂಡಿಸಬೇಕು.

ಸ್ಥಳದ ಆಯ್ಕೆ

ಉಪಕರಣದ ಬೆಲೆಗಿಂತಲೂ ಅದನ್ನು ಇಡುವ ಸ್ಥಳವೇ ಮುಖ್ಯವಾದುದು. ಬೆಲೆಬಾಳುವ ಯಂತ್ರವನ್ನು ಸೂರಿನ ಕೆಳಗಿಟ್ಟರೆ ಅದು ಸೂರಿನ ನೀರನ್ನು ಅಳೆಯುತ್ತದೆ. ಮಾಳಿಗೆಯ ಮೇಲಿಟ್ಟರೆ ಅಲ್ಲಿ ಗಾಳಿಯು ಬಿರುಸಾಗಿ ಹನಿಗಳನ್ನು ಹಾರಿಸಿಕೊಂಡು ಹೋಗುವುದರಿಂದ ಮಳೆ ಕಡಮೆಯಾಗಿ ಕಾಣುತ್ತದೆ. ಮರದ ಹತ್ತಿರ ಇಟ್ಟರೆ ಮೊದಲು ಎಲೆಗಳು ಮಳೆಯನ್ನು ತಡೆದು, ಮಳೆ ನಿಂತ ಮೇಲೆ ತೊಟ್ಟಿಕ್ಕುತ್ತವೆ.

ಮಾಪಕವನ್ನು ಬಯಲಾದ ಸಮನೆಲದಲ್ಲಿ ಇಡತಕ್ಕದ್ದು. ಸುತ್ತಲಿರುವ ಮನೆ, ಮರ, ಗೋಡೆ ಇವು ಎಷ್ಟು ಎತ್ತರವಾಗಿವೆಯೋ ಅದರ ಎರಡರಷ್ಟಾದರೂ ದೂರವಿರಬೇಕು. ಅನುಕೂಲವಿದ್ದರೆ ನಾಲ್ಕರಷ್ಟು ದೂರವಿರುವುದು ಇನ್ನೂ ಮೇಲು. 15 ಮೀಟರು ಎತ್ತರದ ತೆಂಗಿನ ಮರವಿದ್ದಲ್ಲಿ 30 ಮೀಟರಿಗೆ ಕಡಮೆಯಿಲ್ಲದ ಅಂತರ ಬೇಕೆಂದಾಯಿತು. ಇಂದು ಚಿಕ್ಕದಾಗಿರುವ ಗಿಡವು ಹತ್ತು ವರ್ಷಗಳಲ್ಲಿ ಮರವಾಗುವುದೆಂಬುದನ್ನೂ ನೆನಪಿನಲ್ಲಿಡಬೇಕು. ಅಡಕೆ ತೋಟದವರಿಗೆ ಇಂತಹ ಬಯಲು ತೋಟದೊಳಗೆ ದೊರೆಯಲಾರದು. ಅವರು ಅಡಕೆ ಒಣಗಿಸುವ ಅಂಗಳದ ಆಚೆಯ ಹುಲ್ಲುನೆಲವನ್ನೋ ಗದ್ದೆಯ ಬಯಲಿನ ಅಂಚನ್ನೋ ಆರಿಸಿಕೊಳ್ಳಬಹುದು. ಗಾರೆಯ ನೆಲದ ಮೇಲೆ ಇಟ್ಟರೆ ನೆಲಕ್ಕೆ ಬಡಿದ ಹನಿ ಸಿಡಿದು ಆಲಿಕೆಯೊಳಕ್ಕೆ ಬೀಳುವುದರಿಂದ, ಗಿಡ್ಡ ಹುಲ್ಲಿನ ನೆಲವೇ ಲೇಸು.

ಸುಮಾರು 60 ಸೆಂಟಿಮೀಟರು ಚೌಕದ, ಅಷ್ಟೇ ಆಳದ ಗುಂಡಿಯಲ್ಲಿ ಕಲ್ಲುಗಾರೆ ತುಂಬಿಸಿ, ತಳಭಾಗವನ್ನು ಅದರಲ್ಲಿ ಅಲುಗದಂತೆ ಕೂರಿಸಬೇಕು. ಆಲಿಕೆಯ ಅಂಚು ನೆಲದಿಂದ 30 ಸೆಂಟಿಮೀಟರು ಎತ್ತರದಲ್ಲಿರಬೇಕು. ಅಂಚು ಯಾವ ಕಡೆಗೂ ವಾಲದಂತೆ ಗಾರೆ ಕೆಲಸದವರ ಮಟ್ಟಗೋಲಿನಿಂದ ನೋಡಿಕೊಳ್ಳತಕ್ಕದ್ದು. ದನಕರುಗಳೂ ಮಕ್ಕಳೂ ಮುಟ್ಟದಂತೆ ಸುತ್ತಲೂ ತಂತಿಯ ಬೇಲಿ ಇರಲಿ. ಬೇಲಿಯ ಗೂಟಗಳು ಮಾಪಕಕ್ಕೆ ಸಮೀಪವಾಗಿರಕೂಡದು.

ನೋಡುವ ಮತ್ತು ಬರೆಯುವ ಕ್ರಮ

ಪ್ರತಿದಿನವೂ ಬೆಳಿಗ್ಗೆ 8 ಗಂಟೆ 30 ನಿಮಿಷಕ್ಕೆ ಮಾಪಕವನ್ನು ನೋಡತಕ್ಕದ್ದು. ಹವಾಮಾನ ಇಲಾಖೆಯು ದಿನದ ಮಳೆಯನ್ನು ಲೆಕ್ಕ ಹಾಕುವುದೂ ಆ ಹೊತ್ತಿಗೇ ಆದುದರಿಂದ, ಊರಿನ ಲೆಕ್ಕವನ್ನು ತಾಲ್ಲೂಕಿನ ಲೆಕ್ಕದೊಡನೆ ಹೋಲಿಸುವುದು ಸಾಧ್ಯವಾಗುತ್ತದೆ. ಸೋಮವಾರ ಬೆಳಿಗ್ಗೆ ಅಳೆದ ನೀರು ಭಾನುವಾರದ ರಾತ್ರಿ ಬಿದ್ದುದಾದರೂ ಅದನ್ನು ಸೋಮವಾರದ ತಾರೀಖಿನ ಮುಂದೆಯೇ ಬರೆಯಬೇಕು. ಅಳತೆಯ ಗಾಜನ್ನು ಸಮನೆಲದ ಮೇಲಿಟ್ಟು, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು, ನೀರಿನ ಮೇಲ್ಮೈ ನಡುವೆ ತಗ್ಗಾಗಿರುವ ಕಡೆಯ ಗುರುತನ್ನು ಓದಬೇಕು.

ಮಳೆ ಬಾರದ ದಿನ ಸೊನ್ನೆಯನ್ನು ಬರೆಯುವುದು ಅತ್ಯವಶ್ಯಕ. ಸೊನ್ನೆಯೆಂದರೆ ಮಳೆಯಿಲ್ಲವೆಂದೂ, ಖಾಲಿ ಬಿಟ್ಟರೆ ನೋಡಲಿಲ್ಲವೆಂದೂ ಅರ್ಥ. ಇವೆರಡನ್ನೂ ಬೆರೆಸಿದ ಪುಸ್ತಕವು ಯಾವ ಉಪಯೋಗಕ್ಕೂ ಬಾರದು. ಎರಡು ದಿನ ನೋಡದೆ ಇದ್ದು ಮೂರನೆಯ ದಿನ ಅಳೆದರೆ, ಅದು ಮೂರು ದಿನಗಳ ಒಟ್ಟು ಮಳೆಯೆಂದು ಸ್ಪಷ್ಟವಾಗಿ ಬರೆಯಬೇಕೇ ಹೊರತು ಅಂದಾಜಿನಿಂದ ಹಂಚಕೂಡದು. 2.5 ಮಿಲಿಮೀಟರು ಅಥವಾ ಅದಕ್ಕೆ ಹೆಚ್ಚು ಮಳೆಯಾದ ದಿನವನ್ನು ಇಲಾಖೆಯವರು ಮಳೆಯ ದಿನವೆಂದು ಎಣಿಸುತ್ತಾರೆ, 64.5 ಮಿಲಿಮೀಟರು ಮುಟ್ಟಿದರೆ ಭಾರಿ ಮಳೆಯೆಂದೂ 115.6 ಮುಟ್ಟಿದರೆ ಅತಿ ಭಾರಿ ಮಳೆಯೆಂದೂ ಹೇಳುತ್ತಾರೆ. ಅಂಗುಲದ ಲೆಕ್ಕಕ್ಕೆ ಒಗ್ಗಿದ ಹಿರಿಯರು 25.4 ಮಿಲಿಮೀಟರು ಒಂದು ಅಂಗುಲವೆಂದು ತಿಳಿದರೆ ಸಾಕು.

ಪುಸ್ತಕದಲ್ಲಿ ತಾರೀಖು, ಮಳೆಯ ಮೊತ್ತ, ಮಳೆ ನಕ್ಷತ್ರ, ಹೊಲದ ಸ್ಥಿತಿ ಎಂಬ ನಾಲ್ಕು ಅಂಕಣಗಳಿರಲಿ. ರೋಹಿಣಿ, ಮೃಗಶಿರಾ, ಆರಿದ್ರಾ ಎಂಬುದಾಗಿ ಹದಿಮೂರು ಹದಿನಾಲ್ಕು ದಿನಗಳಿಗೊಂದು ಮಳೆಯನ್ನು ಎಣಿಸುವ ರೂಢಿಯು ನಮ್ಮ ರೈತರಲ್ಲಿ ಬೇರೂರಿದೆ. ಆ ಹೆಸರುಗಳ ಮುಂದೆ ಅಂಕಿಗಳು ಸೇರಿದರೆ, "ಈ ಸಲ ಆರಿದ್ರಾ ಮಳೆ ಕೈಕೊಟ್ಟಿತು" ಎಂಬ ಮಾತು ನಿಜವೇ, ನಿಜವಾದರೆ ಎಷ್ಟರಮಟ್ಟಿಗೆ ನಿಜ ಎಂಬುದು ತಾನಾಗಿಯೇ ಗೊತ್ತಾಗುತ್ತದೆ.

ಉಷ್ಣ ಮತ್ತು ತೇವದ ಅಳತೆ

ಉಷ್ಣಮಾಪಕವನ್ನು ಜಗಲಿಯ ಕಂಬಕ್ಕೋ ಗೋಡೆಗೋ ತಗುಲಿಹಾಕಿದರೆ ಅದು ಗೋಡೆಯ ಕಾವನ್ನೂ ತಗಡಿನ ಕಾವನ್ನೂ ತೋರಿಸುತ್ತದೆಯಲ್ಲದೆ ಗಾಳಿಯ ಉಷ್ಣವನ್ನಲ್ಲ. ಈ ತೊಂದರೆಯನ್ನು ತಪ್ಪಿಸಲು ದೀಪಸ್ತಂಭಗಳ ಇಂಜಿನಿಯರಾಗಿದ್ದ ಥಾಮಸ್ ಸ್ಟೀವನ್‌ಸನ್ ಎಂಬುವರು 19ನೆಯ ಶತಮಾನದಲ್ಲಿ ಒಂದು ಪೆಟ್ಟಿಗೆಯನ್ನು ಕಲ್ಪಿಸಿದರು. ನಾಲ್ಕು ಕಡೆಯೂ ಓರೆಯಾದ ಮರದ ಪಟ್ಟಿಗಳ ಎರಡು ಸಾಲಿರುವ, ಬಿಳಿಯ ಬಣ್ಣ ಬಳಿದ ಪೆಟ್ಟಿಗೆಯದು. ಗಾಳಿ ಒಳಗೆ ಸುಳಿದಾಡುತ್ತದೆ, ಬಿಸಿಲು ನುಸುಳುವುದಿಲ್ಲ. ಊರಿನ ಬಡಗಿಯೇ ಇದನ್ನು ಮಾಡಬಲ್ಲನು. ಮಾಪಕದ ಬುಡವು ನೆಲದಿಂದ ಸುಮಾರು 1.2 ಮೀಟರು ಎತ್ತರದಲ್ಲಿ ಬರುವಂತೆ ಕಾಲುಗಳ ಮೇಲೆ ನಿಲ್ಲಿಸಿ, ಬಾಗಿಲನ್ನು ಉತ್ತರಕ್ಕೆ ಇಡತಕ್ಕದ್ದು.

ಇದರೊಳಗೆ ದಿನದ ಗರಿಷ್ಠ ಮತ್ತು ಕನಿಷ್ಠ ಉಷ್ಣವನ್ನು ತೋರಿಸುವ ಮಾಪಕಗಳೂ, ಒಣ ಬುಡ ಮತ್ತು ಒದ್ದೆ ಬುಡದ ಜೋಡಿ ಮಾಪಕಗಳೂ ಇರಬೇಕು. ಒದ್ದೆ ಬುಡಕ್ಕೆ ಸುತ್ತಿದ ತೆಳುಬಟ್ಟೆಯನ್ನು ಆಗಾಗ್ಗೆ ಬದಲಿಸುತ್ತಿರಬೇಕು. ಕೊಳವೆಬಾವಿಯ ಗಡಸುನೀರು ಬಟ್ಟೆಯ ಮೇಲೆ ಉಪ್ಪುಗಟ್ಟುವುದರಿಂದ ಬಟ್ಟಿ ಇಳಿಸಿದ ನೀರನ್ನಾಗಲಿ ಶುದ್ಧವಾದ ಮಳೆನೀರನ್ನಾಗಲಿ ಉಪಯೋಗಿಸತಕ್ಕದ್ದು. ಎರಡೂ ಮಾಪಕಗಳು ಒಂದೇ ಅಂಕಿಯನ್ನು ತೋರಿಸಿದರೆ ಗಾಳಿಯು ತೇವದಿಂದ ತುಂಬಿದೆಯೆಂದು ತಿಳಿಯಬೇಕು. ಅಂತರ ಹೆಚ್ಚಿದಷ್ಟೂ ಗಾಳಿ ಒಣಗಿದೆಯೆಂದರ್ಥ. ಒಣ ಬುಡವು 30 ಡಿಗ್ರಿ, ಒದ್ದೆ ಬುಡವು 25 ಡಿಗ್ರಿ ಸೆಂಟಿಗ್ರೇಡ್ ತೋರಿಸಿದಾಗ, ಗಾಳಿಯು ತಾಳಬಲ್ಲ ತೇವದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಇದೆಯೆನ್ನಬಹುದು. ತಂಪಾದ ರಾತ್ರಿಗಳೂ ಒದ್ದೆಯಾದ ಎಲೆಗಳೂ ಒಟ್ಟುಗೂಡಿದಾಗ ಹಾಸನದ ಸೀಮೆಯ ಆಲೂಗಡ್ಡೆಗೆ ಅಂಗಮಾರಿಯ ಭಯವಿರುವುದರಿಂದ, ಅಲ್ಲಿಯ ಬೆಳೆಗಾರರಿಗೆ ಈ ಅಂಕಿಗಳಿಂದ ವಿಶೇಷ ಪ್ರಯೋಜನವಿದೆ.

ಸ್ವಯಂಚಾಲಿತ ಯಂತ್ರಗಳ ವಿಷಯ

ಈ ಯಂತ್ರಗಳಲ್ಲಿ ಮಳೆಯನ್ನು ಅಳೆಯುವ ಭಾಗವು ತಕ್ಕಡಿಯಂತೆ ಓಲಾಡುವ ಒಂದು ಜೊತೆ ಬಟ್ಟಲುಗಳಿಂದ ಕೂಡಿದೆ. ಒಂದು ಬಟ್ಟಲು ತುಂಬಿದೊಡನೆ ವಾಲಿ ನೀರನ್ನು ಚೆಲ್ಲುತ್ತದೆ, ಇನ್ನೊಂದು ಆಲಿಕೆಯ ಕೆಳಗೆ ಬರುತ್ತದೆ. ಪ್ರತಿಯೊಂದು ಓಲಾಟವೂ ಒಂದು ಗೊತ್ತಾದ ಮೊತ್ತವಾಗಿ ಎಣಿಕೆಯಾಗುತ್ತದೆ. ಹಲವು ಯಂತ್ರಗಳಲ್ಲಿ ಈ ಮೊತ್ತವು 0.2 ಮಿಲಿಮೀಟರು. ಮಳೆ ಯಾವ ಗಂಟೆಯಲ್ಲಿ ಎಷ್ಟು ಬಿರುಸಾಗಿ ಬಂದಿತೆಂಬುದನ್ನು ಇದು ತಿಳಿಸುತ್ತದೆ. ಸಾಧಾರಣ ಮಾಪಕವು ಇದನ್ನು ತಿಳಿಸಲಾರದು. ಆದರೆ ಜೋರು ಮಳೆಯಲ್ಲಿ ಬಟ್ಟಲು ವಾಲುವ ಅವಕಾಶದಲ್ಲಿ ಬೀಳುವ ನೀರು ಲೆಕ್ಕಕ್ಕೆ ಸಿಗದೆ ಮೊತ್ತ ಕಡಮೆಯಾಗುವುದುಂಟು. ಒಣಗಿದ ಎಲೆ, ಇರುವೆ, ಜೇಡರ ಬಲೆ ಇವು ಆಲಿಕೆಯ ಕಂಡಿಯನ್ನು ಮುಚ್ಚಿದರೆ ಹೊರಗೆ ಮಳೆ ಸುರಿಯುತ್ತಿದ್ದರೂ ಪರದೆಯು ಸೊನ್ನೆಯನ್ನೇ ತೋರಿಸುತ್ತದೆ. ಆದುದರಿಂದ ಇಂತಹ ಯಂತ್ರವನ್ನು ಕೊಂಡವರು ಅದರ ಪಕ್ಕದಲ್ಲಿಯೇ ಸಾಧಾರಣ ಮಾಪಕವನ್ನೂ ಇಟ್ಟು, ತಿಂಗಳಿಗೊಮ್ಮೆ ಎರಡರ ಮೊತ್ತವನ್ನೂ ಹೋಲಿಸಿ ನೋಡಬೇಕು.

ಕೊಳ್ಳುವ ಮೊದಲು ಅಂಗಡಿಯವರನ್ನು ಕೇಳಬೇಕಾದ ವಿಷಯಗಳು ಕೆಲವಿವೆ. ಬಿಡಿಭಾಗಗಳು ದೊರೆಯುವುವೇ, ಬ್ಯಾಟರಿ ಎಷ್ಟು ಕಾಲ ಬರುವುದು, ಅಂತರ್ಜಾಲವಿಲ್ಲದಿದ್ದಾಗಲೂ ಅಂಕಿಗಳು ಯಂತ್ರದಲ್ಲಿಯೇ ಉಳಿಯುವುವೇ ಎಂಬುದನ್ನು ವಿಚಾರಿಸಬೇಕು. ಕಂಪನಿಯವರ ಅಂತರ್ಜಾಲ ಸೇವೆಯನ್ನೇ ಪೂರ್ತಿಯಾಗಿ ಅವಲಂಬಿಸಿದ ಯಂತ್ರವು ಆ ಸೇವೆ ನಿಂತ ದಿನವೇ ಮೂಕವಾಗುತ್ತದೆ. ಆಲಿಕೆಯು 200 ಚದರ ಸೆಂಟಿಮೀಟರಿನದಾದರೆ 200 ಮಿಲಿಲೀಟರು ನೀರನ್ನು ನಿಧಾನವಾಗಿ ಹನಿಸಿ, ಯಂತ್ರವು 10 ಮಿಲಿಮೀಟರಿಗೆ ಸಮೀಪವಾಗಿ ತೋರಿಸುವುದೇ ಎಂದು ಪರೀಕ್ಷಿಸಬಹುದು.

ಗಾಳಿಯ ದಿಕ್ಕನ್ನು ತೋರಿಸುವ ಸೂಚಿಯನ್ನು ಸರಿಯಾದ ಉತ್ತರಕ್ಕೆ ಹೊಂದಿಸಬೇಕು. ಡಿಸೆಂಬರ್ ಅಥವಾ ಜನವರಿಯಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಅತ್ಯಂತ ಗಿಡ್ಡವಾದಾಗ ಅದು ಉತ್ತರವನ್ನೇ ತೋರಿಸುತ್ತದೆ. ನಮ್ಮ ಸೀಮೆಯಲ್ಲಿ ಇದು ಗಡಿಯಾರದ ಹನ್ನೆರಡು ಗಂಟೆ ಕಳೆದ ಮೇಲೆಯೇ ಆಗುವುದು. ಗುಡುಗು ಮಿಂಚು ಇರುವಾಗ ಯಂತ್ರದ ಕಂಬದ ಬಳಿಗೆ ಯಾರೂ ಹೋಗಕೂಡದು.

ವಾಯುಭಾರದ ಅಂಕಿಯನ್ನು ನೋಡಿ ಮಳೆಯ ಭವಿಷ್ಯ ಹೇಳುವ ಆಸೆಯನ್ನು ಬಿಡುವುದು ಒಳ್ಳೆಯದು. ಉಷ್ಣವಲಯದ ನಮ್ಮ ನಾಡಿನಲ್ಲಿ ವಾಯುಭಾರವು ಆಕಾಶ ನಿರ್ಮಲವಾಗಿದ್ದರೂ ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಬೆಳಿಗ್ಗೆ ಹತ್ತರ ಸುಮಾರಿನಲ್ಲಿ ಏರಿದ್ದು ಸಾಯಂಕಾಲ ನಾಲ್ಕರ ಹೊತ್ತಿಗೆ ತಗ್ಗುವುದು ಪ್ರಕೃತಿಯ ನಿಯಮ. ಇದನ್ನು ಬಿರುಗಾಳಿಯ ಸೂಚನೆಯೆಂದು ಭ್ರಮಿಸಿ ಯಂತ್ರದ ಪರದೆಯು ಮೋಡದ ಚಿತ್ರವನ್ನು ತೋರಿಸುವುದುಂಟು. ಬರಲಿರುವ ಮಳೆಯ ವಿಷಯದಲ್ಲಿ ಹವಾಮಾನ ಇಲಾಖೆಯ ಮುನ್ಸೂಚನೆಯನ್ನೇ ಕೇಳತಕ್ಕದ್ದು. ಬಿದ್ದ ಮಳೆಯ ವಿಷಯದಲ್ಲಿ ಮನೆಯ ಮಾಪಕವನ್ನು ನಂಬತಕ್ಕದ್ದು.

ಲೆಕ್ಕದಿಂದಾಗುವ ಪ್ರಯೋಜನ

ಒಂದು ಮಿಲಿಮೀಟರು ಮಳೆಯೆಂದರೆ ಎಕರೆಗೆ ಸುಮಾರು 4047 ಲೀಟರು ನೀರು. 25 ಮಿಲಿಮೀಟರೆಂದರೆ ಎಕರೆಗೆ ಒಂದು ಲಕ್ಷ ಲೀಟರು. ಆದರೆ ಇದರಲ್ಲಿ ಎಷ್ಟು ಭೂಮಿಗೆ ಇಳಿಯಿತು, ಎಷ್ಟು ಹರಿದುಹೋಯಿತು ಎಂಬುದು ಮಣ್ಣಿನ ಗುಣವನ್ನೂ ಮಳೆಯ ಬಿರುಸನ್ನೂ ಅವಲಂಬಿಸಿರುತ್ತದೆ. ಆದಕಾರಣ ಮಳೆಯಾದ ಮರುದಿನ ಹೊಲದ ಎರಡು ಮೂರು ಕಡೆ ಗುದ್ದಲಿಯಿಂದ ಅಗೆದು, ತೇವವು ಎಷ್ಟು ಬೆರಳು ಅಥವಾ ಎಷ್ಟು ಗೇಣು ಇಳಿದಿದೆಯೆಂಬುದನ್ನು ಹೊಲದ ಸ್ಥಿತಿಯ ಅಂಕಣದಲ್ಲಿ ಬರೆಯಬೇಕು. ಕೆಲವು ವರ್ಷ ಹೀಗೆ ಮಾಡಿದ ಜಮೀನುದಾರನಿಗೆ ತನ್ನ ಕೆಂಪುನೆಲಕ್ಕೆ ಎಷ್ಟು ಮಳೆಯಾದರೆ ಹದ, ತನ್ನ ಎರೆನೆಲಕ್ಕೆ ಎಷ್ಟಾದರೆ ಹದ ಎಂಬುದು ಅಂಕಿಯಲ್ಲಿಯೇ ತಿಳಿದುಬರುತ್ತದೆ. ಬೇರೆ ಸೀಮೆಯ ಪುಸ್ತಕದಿಂದ ದೊರೆಯಲಾರದ ಜ್ಞಾನವಿದು.

ಅಡಕೆಯ ಕೊಳೆರೋಗದ ವಿಷಯದಲ್ಲಿಯೂ ಹೀಗೆಯೇ. ಮೈಸೂರಿನ ವ್ಯವಸಾಯದ ಇಲಾಖೆಗೆ 1908ರಲ್ಲಿ ಬಂದ ಡಾಕ್ಟರ್ ಲೆಸ್ಲಿ ಕೋಲ್ಮನ್ನರು ಈ ರೋಗವನ್ನು ಪರಿಶೋಧಿಸಿ ಬೋರ್ಡೋ ದ್ರಾವಣದ ಸಿಂಪಡಿಕೆಯನ್ನು ಬಳಕೆಗೆ ತಂದರು. ಮುಂಗಾರು ಹಿಡಿಯುವ ಮೊದಲು ಒಂದು ಸಲ, ಅನಂತರ 40ರಿಂದ 45 ದಿನಗಳಿಗೆ ಇನ್ನೊಂದು ಸಲ ನೂರಕ್ಕೆ ಒಂದರ ದ್ರಾವಣವನ್ನು ಸಿಂಪಡಿಸುವುದು ಕ್ರಮ. ಎರಡನೆಯ ಸಿಂಪಡಿಕೆಗೆ ಬೇಕಾದ ಮಳೆಯ ಬಿಡುವು ತಮ್ಮ ತೋಟದಲ್ಲಿ ಸಾಮಾನ್ಯವಾಗಿ ಯಾವ ನಕ್ಷತ್ರದಲ್ಲಿ ಸಿಗುವುದೆಂಬುದನ್ನು ಹಳೆಯ ಪುಸ್ತಕಗಳು ಹೇಳುವಷ್ಟು ಚೆನ್ನಾಗಿ ಜ್ಞಾಪಕಶಕ್ತಿಯು ಹೇಳಲಾರದು.

ಇನ್ನೊಂದು ವಿಷಯವು ಗ್ರಾಮದ ಮುಖಂಡರಿಗೆ ಮುಖ್ಯವಾಗಿ ಸಂಬಂಧಿಸಿದೆ. 2016ರಿಂದ ಜಾರಿಗೆ ಬಂದ ಹವಾಮಾನ ಆಧಾರಿತ ಬೆಳೆ ವಿಮೆಯ ಪುನಾರಚಿತ ಯೋಜನೆಯಲ್ಲಿ, ಪರಿಹಾರವು ಗೊತ್ತುಪಡಿಸಿದ ಕೇಂದ್ರದ ಅಂಕಿಗಳ ಮೇಲೆ ನಿರ್ಧಾರವಾಗುತ್ತದೆ. ಮನೆಯ ಪುಸ್ತಕವು ಅದಕ್ಕೆ ಬದಲಾಗಿ ಸಲ್ಲುವುದಿಲ್ಲ. ಆದರೆ ಗೊತ್ತುಪಡಿಸಿದ ಮಾಪಕವು ಕಸದಿಂದ ಕಟ್ಟಿಕೊಂಡಿದ್ದರೆ ಅಥವಾ ಮರದ ಕೊಂಬೆಯ ಕೆಳಗೆ ಸಿಕ್ಕಿದ್ದರೆ, ಅದನ್ನು ಮೊದಲು ಕಂಡುಹಿಡಿಯುವುದು ಅಕ್ಕಪಕ್ಕದ ಎರಡು ಮೂರು ಮನೆಗಳ ಪುಸ್ತಕಗಳೇ. ಎಲ್ಲ ಮನೆಗಳಲ್ಲಿಯೂ 40 ಮಿಲಿಮೀಟರು ಬಂದ ದಿನ ಪಂಚಾಯಿತಿಯ ಮಾಪಕವು ಸೊನ್ನೆಯನ್ನು ತೋರಿಸಿದರೆ ಕೂಡಲೇ ವಿಚಾರಿಸಲು ಕಾರಣವಿದೆ. ಆಗಲೇ ಬರೆದು ತಿಳಿಸಿದರೆ ದೋಷವನ್ನು ಸರಿಪಡಿಸುವ ಅವಕಾಶವುಂಟು. ಬೆಳೆ ಹೋದ ಮೇಲೆ, ಕೈಯಲ್ಲಿ ಲೆಕ್ಕವಿಲ್ಲದೆ ಮಾಡುವ ದೂರಿಗೆ ಬಲವಿರುವುದಿಲ್ಲ.

ಆದುದರಿಂದ ಪ್ರತಿ ಊರಿನಲ್ಲಿಯೂ ಬೇರೆ ಬೇರೆ ದಿಕ್ಕಿನ ಹೊಲಗಳಲ್ಲಿ ಮೂರು ನಾಲ್ಕು ಮಾಪಕಗಳಾದರೂ ಇರುವಂತೆ ಮುಖಂಡರು ಪ್ರಯತ್ನಿಸಬೇಕು. ಅವೆಲ್ಲವೂ ಒಂದೇ ಬಗೆಯವಾಗಿದ್ದು, ಒಂದೇ ಹೊತ್ತಿಗೆ ನೋಡಲ್ಪಡಬೇಕು. ಮನೆಯ ಯಜಮಾನನು ಪರಸ್ಥಳಕ್ಕೆ ಹೋದಾಗ ನೋಡತಕ್ಕವರು ಯಾರೆಂಬುದನ್ನು ಮೊದಲೇ ಗೊತ್ತುಮಾಡಿರಬೇಕು. ಶಾಲೆಗೆ ಹೋಗುವ ಮಗಳೋ ಮಗನೋ ಒಂದು ವಾರದಲ್ಲಿ ಈ ಕೆಲಸವನ್ನು ಕಲಿಯಬಲ್ಲರು. ಒಂದು ಸ್ಥಳದ ಸರಾಸರಿ ಮಳೆಯನ್ನು ನಿಶ್ಚಯಿಸಲು ಶಾಸ್ತ್ರಜ್ಞರು 30 ವರ್ಷಗಳ ಲೆಕ್ಕವನ್ನು ಕೇಳುತ್ತಾರೆ. ಇಂದು ಪುಸ್ತಕವನ್ನು ಆರಂಭಿಸುವವರು ಅದನ್ನು ಮಕ್ಕಳ ಕೈಗೆ ಒಪ್ಪಿಸುವ ವೇಳೆಗೆ ಆ ಅವಧಿಯು ತುಂಬಿರುತ್ತದೆ. ಜಮೀನಿನ ಪಹಣಿಯೊಡನೆ ಅದರ ಮಳೆಯ ಲೆಕ್ಕವೂ ಪೆಟ್ಟಿಗೆಯಲ್ಲಿರುವ ಮನೆಯಲ್ಲಿ, ಬಿತ್ತನೆಯ ಕಾಲ ಬಂದಾಗ ಊಹೆಗೆ ಇರುವ ಕೆಲಸವು ಬಹಳ ಕಡಮೆಯಾಗುವುದರಲ್ಲಿ ಸಂದೇಹವಿಲ್ಲ.